ಹಿಮಪಾದನ ಬೆನ್ನು

ಹಿಂದೆ, ಬಹಳ ಹಿಂದೆ, ಕೆಂಡಮರಳಿನ ಅಂಚಿಗೆ ಶಂಖಾವತಿ ಎಂಬ ರಾಜ್ಯವಿತ್ತು. ಮರಳಿನ ಆಚೆಯ ಗುಡ್ಡದ ಮೇಲೆ ಧೂಮಾಕ್ಷನೆಂಬ ಮಾಂತ್ರಿಕ ಕೂತಿದ್ದ. ಅವನ ಬಳಿ ಒಂದು ನಗಾರಿ. ಸಂಜೆ ಅವನು ಒಬ್ಬರ ಹೆಸರು ಹೇಳಿ ಅದನ್ನು ಬಾರಿಸಿದರೆ ಅವರು ಮೊಣಕಾಲಿನವರೆಗೆ ಕಲ್ಲಾಗುತ್ತಿದ್ದರು. ಎರಡನೆಯ ಸಂಜೆ ಸೊಂಟದವರೆಗೆ, ಮೂರನೆಯ ಸಂಜೆ ಕುತ್ತಿಗೆಯವರೆಗೆ. ನಾಲ್ಕನೆಯ ಸಂಜೆ ಎಲ್ಲ ಮುಗಿಯುತ್ತಿತ್ತು. ಹೀಗೆ ತೊಂಬತ್ತು ಜನ ಊರಿನ ಬೀದಿಗಳಲ್ಲಿ ಕಲ್ಲಾಗಿ ನಿಂತಿದ್ದರು, ರಾಣಿಯೂ ಸೇರಿ. ಮನೆಯವರು ಬಂದು ಅವರ ಹೆಗಲ ಧೂಳು ಒರೆಸಿ ಹೋಗುತ್ತಿದ್ದರು. ಅತ್ತೂ ಅತ್ತೂ ಸಾಕಾಗಿತ್ತು ಅವರಿಗೆ.

ನಗಾರಿ ಹರಿದರೆ ಕಲ್ಲಾದವರೆಲ್ಲ ಮತ್ತೆ ಜೀವ ತಳೆಯುತ್ತಾರೆ, ಅದು ಎಲ್ಲರಿಗೂ ಗೊತ್ತು. ಆದರೆ ಕೆಂಡಮರಳಿನಲ್ಲಿ ಸುಡದ ಗೊರಸು ಇದ್ದದ್ದು ಅರಮನೆಯ ಬಿಳಿ ಕುದುರೆ ಹಿಮಪಾದನಿಗೆ ಮಾತ್ರ. ಅದೋ, ಮೂರು ವರ್ಷದಿಂದ ಹತ್ತಿದವರನ್ನೆಲ್ಲ ಕೆಡವುತ್ತಿತ್ತು. ಅರಮನೆಯ ಕುದುರೆಗೆ ಸೊಕ್ಕು ಎಂದರು ದೊಡ್ಡವರು. ದೊಡ್ಡವರು ಹೇಳಿದ ಮೇಲೆ ಕುದುರೆಯನ್ನು ಯಾರು ಕೇಳುತ್ತಾರೆ?

ಒಂದು ಸಂಜೆ ಚೌಡವ್ವನ ಹೆಸರು ಬಂತು. ಲಾಯದ ಆಳು ಮಾಳಿಂಗನ ತಾಯಿ ಅವಳು. ಅವನಿಗೆ ಈ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಹುಲ್ಲಿನ ಹೊರೆ ಹೊತ್ತು ಲಾಯದ ಬಾಗಿಲಲ್ಲಿ ನಿಂತಿದ್ದವಳು ಮೊಣಕಾಲಿನವರೆಗೆ ಕಲ್ಲಾಗಿ ಅಲ್ಲೇ ಉಳಿದಳು.

ಮರುದಿನ ಯುವರಾಜ ಬಂದ. ಕುದುರೆಯ ಮೇಲೆ ಏಳು ತಲೆಮಾರಿನ ಜೀನು ಹಾಕಿದರು. ಪಟ್ಟಕ್ಕೆ ಬಂದ ಪ್ರತಿಯೊಬ್ಬ ಅರಸನೂ ತನ್ನ ಹೆಸರಿನ ಚಿನ್ನದ ತಗಡನ್ನು ಅದರ ಮೇಲೆ ಮೊಳೆ ಹೊಡೆದು ಕೂರಿಸುವುದು ಆ ರಾಜ್ಯದ ಪದ್ಧತಿ. ಆ ಜೀನನ್ನು ಮಗುಚಿ ಇಡುವಂತಿಲ್ಲ. ಮಗುಚಿದರೆ ಏಳು ಅರಸರ ಮುಖವನ್ನು ಮಣ್ಣಿಗೆ ಉಜ್ಜಿದಂತೆ. ಮಾಳಿಂಗ ದಿನಾ ಆ ತಗಡುಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ. ಯುವರಾಜ ಭಾರ ಬಿಟ್ಟದ್ದೇ ತಡ, ಕುದುರೆಯ ಬೆನ್ನು ಕುಸಿಯಿತು, ಮರುಕ್ಷಣ ಬಿಲ್ಲಾಗಿ ಎದ್ದಿತು. ಯುವರಾಜ ಬಿದ್ದ. ಸಂಜೆ ನಗಾರಿ ಮೊಳಗಿತು. ಚೌಡವ್ವ ಸೊಂಟದವರೆಗೆ ಕಲ್ಲಾದಳು.

ಅದರ ಮರುದಿನ ದಳವಾಯಿ ಬಂದ. ಹೊಟ್ಟೆಪಟ್ಟಿಯನ್ನು ಕುದುರೆಯ ಉಸಿರು ಕಟ್ಟುವಷ್ಟು ಬಿಗಿದು ಹತ್ತಿದ. ಬೆನ್ನು ಕುಸಿಯಿತು, ಬಿಲ್ಲಾಗಿ ಎದ್ದಿತು, ದಳವಾಯಿಯೂ ಬಿದ್ದ. ಸಂಜೆ ನಗಾರಿ ಮೊಳಗಿತು. ಚೌಡವ್ವ ಕುತ್ತಿಗೆಯವರೆಗೆ ಕಲ್ಲಾದಳು.

ನಾಲ್ಕನೆಯ ದಿನ ಬೆಳಗಾಗುತ್ತಲೇ ಮಾಳಿಂಗ ತಾನೇ ಹತ್ತಿದ. ಕೈಯಾರೆ ಹುರುಳಿ ತಿನ್ನಿಸಿದವನು ನಾನು, ನನ್ನನ್ನು ಕೆಡವುವುದಿಲ್ಲ ಎಂದುಕೊಂಡಿದ್ದ. ಅವನನ್ನೂ ಕೆಡವಿತು. ಅವನು ಎದ್ದು, ಹುಟ್ಟಿದಾಗಿನಿಂದ ಸಾಕಿದ ಕುದುರೆಗೆ ಚಾಟಿಯಲ್ಲಿ ಹೊಡೆದ. ಅದು ಓಡಲಿಲ್ಲ, ನಿಂತು ಹೊಡೆಸಿಕೊಂಡಿತು. ಕೈ ಸೋತ ಮೇಲೆ ಅವನು ಜೀನು ಇಳಿಸಿ, ಅದರ ಬೆನ್ನಿಗೆ ಹಣೆ ಇಟ್ಟು ಅತ್ತ. ಹಣೆ ತಾಗಿದ್ದಕ್ಕೇ ಕುದುರೆಯ ಚರ್ಮ ನಡುಗಿತು.

ಮಾಳಿಂಗ ಅಂಗೈಯಿಂದ ಮೆಲ್ಲಗೆ ಒತ್ತಿ ನೋಡಿದ. ಹೆಗಲಲ್ಲಿ ಏನಿಲ್ಲ. ಸೊಂಟದಲ್ಲಿ ಏನಿಲ್ಲ. ನಡುಬೆನ್ನಿಗೆ ಬಂದಾಗ ಕುದುರೆ ಅವನ ಕೈಯಡಿಯಿಂದ ತಗ್ಗಿ ತಪ್ಪಿಸಿಕೊಂಡಿತು. ಅವನು ಹೋಗಿ ಜೀನನ್ನು ಮಗುಚಿದ.

"ಲೋ, ನಿನ್ನ ತಲೆ ಹೋಗುತ್ತೆ ಕಣೋ," ಎಂದ ಕಾವಲಿನವನು.

"ಹೋಗ್ಲಿ ಬಿಡಣ್ಣ."

ಮೂರು ವರ್ಷದ ಹಿಂದೆ ಕೂರಿಸಿದ ಏಳನೆಯ ತಗಡಿನ ನಾಲ್ಕು ಮೊಳೆಗಳು ತೊಗಲನ್ನೂ ಮೆತ್ತೆಯನ್ನೂ ತೂರಿ ಹೊರಗೆ ಬಂದಿದ್ದವು. ಮೊನೆಗಳಲ್ಲಿ ಒಣಗಿದ ರಕ್ತ, ಬಿಳಿ ಕೂದಲು. ಅಂದಿನಿಂದ ಕುದುರೆ ಇದನ್ನೇ ಹೇಳುತ್ತಿತ್ತು. ದಟ್ಟ ಕೂದಲಿನಡಿಯ ಗಾಯವನ್ನು ಒಮ್ಮೆಯೂ ನೋಡದ ತನ್ನ ಮೇಲೇ ಮಾಳಿಂಗನಿಗೆ ಹೇಸಿಗೆಯಾಯಿತು.

ಜೀನು ಬಿಟ್ಟು ಬರಿಯ ಕಂಬಳಿ ಹಾಕಿದ. ಅದಕ್ಕೂ ಬೆನ್ನು ಕುಸಿಯಿತು. ಅವನು ಬಾಗಿಲಲ್ಲಿದ್ದ ಅವ್ವನ ಮುಂದೆ ಬಂದು ನಿಂತ.

"ಅವ್ವ, ಇನ್ನು ಆಗಲ್ಲ. ಸಂಜೆಗೆ ನೀನಿರಲ್ಲ."

ಚೌಡವ್ವನಿಗೆ ಉಳಿದಿದ್ದದ್ದು ಮುಖವೊಂದೇ. "ಅದು ನಿನ್ನ ಭಾರಕ್ಕೆ ಹೆದರ್ತಿಲ್ಲ ಮಗಾ, ನೆನಪಿಗೆ ಹೆದರ್ತಿದೆ. ನಿಧಾನ ಮಾಡು."

"ನಿಧಾನ ಮಾಡಕ್ಕೆ ಹೊತ್ತೆಲ್ಲಿದೆ?"

"ನನ್ನ ಹೊತ್ತು ತಾನೆ? ನಾನೇ ಹೇಳ್ತಿದೀನಿ, ಮಾಡು."

ಅವನು ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಬೆನ್ನಿಗೆ ಶಾಖ ಕೊಟ್ಟ. ಕಂಬಳಿಯನ್ನು ಎರಡು ಸುರುಳಿ ಮಾಡಿ, ಗಾಯಕ್ಕೂ ಬೆನ್ನುಮೂಳೆಗೂ ತಾಗದಂತೆ ಎರಡು ಪಕ್ಕಕ್ಕೆ ಕಟ್ಟಿದ. ಒಂದು ಸುತ್ತು ನಡೆಸಿ ಪಟ್ಟಿಯನ್ನು ಒಂದು ತೂತು ಬಿಗಿದ. ಮತ್ತೊಂದು ಸುತ್ತು, ಮತ್ತೊಂದು ತೂತು. ಎಳೆದು ಹತ್ತದೆ, ಹುರುಳಿ ತೊಟ್ಟಿಯ ಕಟ್ಟೆ ಹತ್ತಿ, ಅಲ್ಲಿಂದ ಬೆನ್ನಿನ ಮೇಲೆ ಅಡ್ಡ ಮಲಗಿದ. ಕುಸಿಯಿತು. ಇಳಿದ. ಮತ್ತೆ ಮಲಗಿದ. ಸ್ವಲ್ಪ ಕುಸಿಯಿತು. ಇಳಿದ. ಬಿಸಿಲು ಇಳಿಯುತ್ತಿತ್ತು. ಮೂರನೆಯ ಸಲ ಮೆಲ್ಲಗೆ ಕೂತ. ಕುದುರೆ ನಡುಗಿತು, ಆದರೆ ನಿಂತಿತು.

ಇಬ್ಬರೂ ಹೊರಟು ಕೆಂಡಮರಳಿನ ನಡುವೆ ಇದ್ದಾಗಲೇ ನಗಾರಿ ಮೊಳಗಿತು. ಅಲ್ಲಿಗೆ ಅವ್ವ ಪೂರ್ತಿ ಕಲ್ಲು. ಮಾಳಿಂಗನಿಗೆ ಕುದುರೆಯನ್ನು ಹಿಮ್ಮಡಿಯಿಂದ ಒದೆಯಬೇಕೆನಿಸಿತು, ಒದೆಯಲಿಲ್ಲ. ಕುದುರೆ ತನ್ನಷ್ಟಕ್ಕೆ ಗುಡ್ಡ ಹತ್ತಿತು. ಅವನು ಇಳಿದು, ಹುಲ್ಲು ಕೊಯ್ಯುವ ಕುಡುಗೋಲಿನಿಂದ ನಗಾರಿಯ ತೊಗಲನ್ನು ಸೀಳಿದ. ಧೂಮಾಕ್ಷ ಹೊಗೆಯಾಗಿ ಹೋದ, ಮರಳು ತಣ್ಣಗಾಯಿತು.

ಶಂಖಾವತಿಯಲ್ಲಿ ಕಲ್ಲಾಗಿದ್ದವರೆಲ್ಲ ಜೀವ ತಳೆದು ತಮ್ಮ ತಮ್ಮ ಮನೆಗೆ ನಡೆದರು. ರಾಣಿ ಅರಮನೆಗೆ ಹೋದಳು. ಚೌಡವ್ವ ಮಾತ್ರ ಊರ ಹೆಬ್ಬಾಗಿಲಿಗೆ ಬಂದು ಕೂತಳು. ಗಾಳಿಯಂಥ ಕುದುರೆಗೆ ಆ ದಾರಿ ಒಂದು ಜಾವದ್ದು. ಗೊರಸಿನ ಸದ್ದು ಬರಲಿಲ್ಲ. ಬೆಳಗಾಯಿತು, ಆಗಲೂ ಬರಲಿಲ್ಲ. ಮಗ ಸತ್ತನೆಂದು ಅವಳು ತಲೆಗೆ ಸೆರಗು ಎಳೆದುಕೊಂಡು ಒಬ್ಬಳೇ ಅತ್ತಳು.

ನಡುಮಧ್ಯಾಹ್ನ ಮಾಳಿಂಗ ಕಾಲೆಳೆಯುತ್ತಾ ಬಂದ. ಹಗ್ಗ ಹಿಡಿದಿರಲಿಲ್ಲ, ಬೆನ್ನು ಬರಿದಾಗಿದ್ದ ಹಿಮಪಾದ ಅವನ ಹಿಂದೆ ಬರುತ್ತಿತ್ತು.

"ಇಷ್ಟು ಹೊತ್ತು ಯಾಕೋ? ನಾನಿಲ್ಲಿ ಸತ್ತು ಸತ್ತು ಬದುಕ್ತಿದ್ದೆ."

"ನಡ್ಕೊಂಡ್ ಬಂದೆ ಅವ್ವ. ಹೋಗೋವಾಗ ಅದರ ಬೆನ್ನು ಬೇಕಿತ್ತು. ಬರೋವಾಗ ಬೇಕಿರ್ಲಿಲ್ಲ."

ಚೌಡವ್ವ ಕುದುರೆಯ ಗಾಯ ನೋಡಿದಳು, ಮಗನ ಬೊಬ್ಬೆ ಎದ್ದ ಪಾದ ನೋಡಿದಳು. ಇಬ್ಬರನ್ನೂ ಬೈಯುತ್ತಾ ಮನೆಗೆ ಕರೆದುಕೊಂಡು ಹೋಗಿ ನೀರು ಕಾಯಿಸಿದಳು. ಆ ಊರಿನಲ್ಲಿ ಎಲ್ಲರೂ ನೂರು ಕಾಲ ಚೆನ್ನಾಗಿ ಬಾಳಿದರು, ಆ ಮೂವರೂ ಬಾಳಿದರು.