ಮೊಳೆ ಕೀಳದ ಪೆಟ್ಟಿಗೆ

ಮಂಗಳವಾರ ಬೆಳಿಗ್ಗೆ ೧೦.೪೦ಕ್ಕೆ ಠಾಣೆಗೆ ಬಂದ ಗುಮಾಸ್ತನ ಅಂಗಿತೋಳಿನ ಮೇಲೆ ರಕ್ತ ಇನ್ನೂ ಹಸಿಯಾಗಿತ್ತು. ಅವನು ಯಂತ್ರ ಪರೀಕ್ಷಾಲಯದವನು. ಇಂಧನವಿಲ್ಲದೆ ಓಡುವ ಎಂಜಿನ್, ತಾನಾಗಿಯೇ ತಿರುಗುವ ಚಕ್ರ, ಇಂಥವನ್ನು ಕಂಡುಹಿಡಿದೆವು ಎನ್ನುವವರು ತಮ್ಮ ಯಂತ್ರಗಳನ್ನು ಅಲ್ಲಿಗೆ ಕಳಿಸುತ್ತಾರೆ. ಓಡಿಸಿ ನೋಡಿ ನಿಜವೋ ಸುಳ್ಳೋ ಎಂದು ಬರೆದುಕೊಡಲು ಅಲ್ಲಿರುವುದು ಒಬ್ಬರೇ ಅಧಿಕಾರಿ. ಆ ಬೆಳಿಗ್ಗೆ ಅವರು ಹೊಸದಾಗಿ ಬಂದ ಯಂತ್ರದ ಮುಚ್ಚಳ ಎತ್ತಿದ್ದರು. ಒಳಗಿನಿಂದ ಉಕ್ಕಿನ ಪಟ್ಟಿ ಸಿಡಿದು ಬಲಗೈಯ ಹೆಬ್ಬೆರಳು, ತೋರುಬೆರಳು ಹೋಗಿದ್ದವು.

೧೧.೧೫ಕ್ಕೆ ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಮೊದಲು ಆಸ್ಪತ್ರೆಗೆ ಹೋದರು.

"ಮುಚ್ಚಳದ ಮೇಲೆ ಚೀಟಿ ಅಂಟಿಸಿದ್ರಂತೆ. ಓದಿದ್ರಾ?"

"ಇಂಥವರ ಚೀಟಿ ಯಾರು ಓದ್ತಾರೆ, ಸಾರ್? ಎಲ್ಲರದೂ ಒಂದೇ ರಾಗ."

"ಮತ್ತೆ ಮುಚ್ಚಳ ಯಾಕೆ ತೆಗೆದ್ರಿ?"

"ಈ ವರ್ಷದಿಂದ ವರದಿಗೆ ಬಿಚ್ಚಿದ ಯಂತ್ರದ ಫೋಟೊ ಹಚ್ಚಬೇಕು ಅಂತ ಆದೇಶ ಆಗಿದೆ. ಇಲ್ಲದಿದ್ರೆ ಮುಟ್ತಾನೂ ಇರ್ಲಿಲ್ಲ."

ಪರೀಕ್ಷಾ ಕೊಠಡಿಯಲ್ಲಿ ಹೆಡ್ ಕಾನ್‌ಸ್ಟೆಬಲ್ ಚೀಟಿ ಓದಿದ: 'ಮೊದಲು ಎಡಬದಿಯ ಕೀಲಿ ಪೂರ್ತಿ ತಿರುಗಿಸಿ ಓಡಿಸಿ ನೋಡುವುದು. ನಿಂತ ಮೇಲೆ ಮುಚ್ಚಳ ತೆಗೆಯುವುದು.' ಕೀಲಿ ತಿರುಗಿಸಿದ್ದರೆ ಒಳಗೆ ಸುತ್ತಿಟ್ಟಿದ್ದ ಆ ಉಕ್ಕಿನ ಸ್ಪ್ರಿಂಗು ಮೆಲ್ಲಗೆ ಬಿಚ್ಚಿಕೊಂಡು ಚಕ್ರ ಸ್ವಲ್ಪ ಹೊತ್ತು ತಿರುಗಿ ನಿಲ್ಲುತ್ತಿತ್ತು. ಯಾರಿಗೂ ಏನೂ ಆಗುತ್ತಿರಲಿಲ್ಲ. ಅಧಿಕಾರಿಯ ಮೇಜಿನ ಖಾನೆಯಲ್ಲಿ ಅದೇ ಯಂತ್ರದ ವರದಿ ಸಿಕ್ಕಿತು. 'ಮೂರು ದಿನ ಪರೀಕ್ಷಿಸಲಾಯಿತು. ಓಡಲಿಲ್ಲ.' ತಾರೀಕು ಬರಲಿರುವ ಶುಕ್ರವಾರದ್ದು.

"ಸಾಹೇಬ್ರು ಭವಿಷ್ಯಾನೂ ಹೇಳ್ತಾರೆ, ಸಾರ್," ಎಂದ ಹೆಡ್ ಕಾನ್‌ಸ್ಟೆಬಲ್.

ಯಂತ್ರ ಕಳಿಸಿದವರ ವಿಳಾಸ ಹುಡುಕಿಕೊಂಡು ಹೋದರೆ ಸಿಕ್ಕಿದ್ದು ಖಾಲಿ ನಿವೇಶನ. ಉಳಿದ ಸುಳಿವು ಸ್ಪ್ರಿಂಗು ಒಂದೇ. ಅದು ಹಳೆಯ ಗೋಪುರ ಗಡಿಯಾರದ್ದೆಂದು ಬೀಗದಂಗಡಿಯವನು ಹೇಳಿದ. ಬುಧವಾರ ಇನ್ಸ್‌ಪೆಕ್ಟರ್ ಪರೀಕ್ಷಾಲಯದ ಒಂಬತ್ತು ವರ್ಷಗಳ ರಿಜಿಸ್ಟರ್ ತರಿಸಿ, ಅರ್ಜಿದಾರರ ಕಸುಬಿನ ಕಾಲಮನ್ನಷ್ಟೇ ನೋಡುತ್ತ ಹೋದರು. ಗಡಿಯಾರ ರಿಪೇರಿಯವನು ಒಬ್ಬನೇ. ಏಳು ವರ್ಷದ ಹಿಂದಿನ ಅರ್ಜಿ, ತಾನಾಗಿಯೇ ತಿರುಗುವ ಚಕ್ರ. ಷರಾ: 'ಮೂರು ದಿನ ಪರೀಕ್ಷಿಸಲಾಯಿತು. ಓಡಲಿಲ್ಲ. ಅರ್ಜಿದಾರ ವಂಚಕ.'

ಪರೀಕ್ಷಾಲಯದ ಉಗ್ರಾಣದ ಮೂಲೆಯಲ್ಲಿ ಅವನ ಯಂತ್ರ ಬಂದಿದ್ದ ಪೆಟ್ಟಿಗೆ ಇತ್ತು. ಹೆಡ್ ಕಾನ್‌ಸ್ಟೆಬಲ್ ಧೂಳು ಒರೆಸಿ ಸುತ್ತಲೂ ಕೈಯಾಡಿಸಿದ. ಹದಿನಾಲ್ಕು ಮೊಳೆಗಳಲ್ಲಿ ಒಂದನ್ನೂ ಕಿತ್ತಿರಲಿಲ್ಲ. ಕಳಿಸಿದವನ ಅರಗಿನ ಮುದ್ರೆಯೂ ಹಾಗೇ ಇತ್ತು.

ಮಧ್ಯಾಹ್ನ ೩.೨೦ಕ್ಕೆ ಗಡಿಯಾರದ ಅಂಗಡಿ. ಅರ್ಜಿದಾರ ತೀರಿಕೊಂಡು ಐದು ವರ್ಷವಾಗಿತ್ತು. ಅಂಗಡಿ ನಡೆಸುತ್ತಿದ್ದವಳು ಅವನ ಅಕ್ಕ. ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಕೈಗಡಿಯಾರವೊಂದರ ಮುಳ್ಳು ಕೂರಿಸುತ್ತಿದ್ದಳು. ಇನ್ಸ್‌ಪೆಕ್ಟರ್ ಸ್ಪ್ರಿಂಗನ್ನು ಗಾಜಿನ ಮೇಲಿಟ್ಟರು.

"ಇದು ಯಾರ ಕೆಲಸ, ಅಮ್ಮಾ?"

ಅವಳು ಮಸೂರ ತೆಗೆಯದೆ ನೋಡಿದಳು. "ತುದಿ ಹದ ಮಾಡಿರೋದು ನಾನೇ. ನನ್ನ ಕೆಲಸ ನಂದಲ್ಲ ಅನ್ನಲ್ಲ."

"ಒಬ್ಬರ ಬೆರಳು ಹೋಗಿದೆ."

"ಯಾವ ಕೈ?"

"ಬಲಗೈ. ಹೆಬ್ಬೆರಳು, ತೋರುಬೆರಳು."

"ಪೆನ್ನು ಹಿಡಿಯೋವು," ಎಂದಳು. "ಇನ್ನೂ ಎಂಟು ಉಳಿದಿವೆಯಲ್ಲ, ಸಾಕು ಅವನಿಗೆ."

"ಅವರು ಚೀಟಿ ಓದಿದ್ದಿದ್ರೆ?"

"ಓದಿದ್ರೆ ಬದುಕ್ಕೊಳ್ತಿದ್ದ. ಈ ವರ್ಷ ಮುಚ್ಚಳ ತೆಗೀಲೇಬೇಕು ಅಂತ ಆದೇಶ ಆಗಿದ್ದು ಪೇಪರಲ್ಲಿ ನೋಡಿದ್ದೆ. ಏಳು ವರ್ಷದಲ್ಲಿ ಒಂದ್ಸಲನಾದ್ರೂ ತನ್ನ ಕೆಲಸ ಮಾಡ್ಲಿ ಅಂತಲೇ ಕೀಲಿ ಇಟ್ಟಿದ್ದೆ."

ಮಹಿಳಾ ಕಾನ್‌ಸ್ಟೆಬಲ್ ಬರುವವರೆಗೆ ಕೂರಲು ಹೇಳಿದರು. ಅವಳು ಆ ಹೊತ್ತಿನಲ್ಲಿ ಗಿರಾಕಿಯ ಗಡಿಯಾರ ಮುಗಿಸಿ, ಟೈಮ್ ಸರಿಮಾಡಿ, ಹೆಸರಿನ ಚೀಟಿ ಕಟ್ಟಿಟ್ಟಳು. ೩.೫೫ಕ್ಕೆ ಬಂಧನ.

ಗುರುವಾರ ಹಳೆಯ ಪೆಟ್ಟಿಗೆಯನ್ನು ಪಂಚರ ಮುಂದೆ ತೆರೆಯಬೇಕಿತ್ತು. ತಾನೂ ಇರಬೇಕೆಂದು ಅವಳು ಕೇಳಿಕೊಂಡಳು. ಬೀಗದಂಗಡಿಯವನೂ ಪಕ್ಕದ ಪ್ರೆಸ್ಸಿನವನೂ ಪಂಚರು. ಹದಿನಾಲ್ಕು ಮೊಳೆ ಕಿತ್ತರು. ಒಳಗೆ ಹಿತ್ತಾಳೆಯ ಚಕ್ರ, ಅಂಚಿನಲ್ಲಿ ಸೀಸದ ಗುಂಡುಗಳು. ಹೇಗೆ ತಳ್ಳಬೇಕೆಂದು ಅವಳೇ ಹೇಳಿಕೊಟ್ಟಳು. ಚಕ್ರ ತಿರುಗಿತು. ಗುಂಡುಗಳು ಟಕಟಕ ಉರುಳಿದವು. ಪ್ರೆಸ್ಸಿನವನು, "ನಿಲ್ಲೋ ಹಾಗೇ ಕಾಣಲ್ವಲ್ಲ," ಎಂದ. ಆಮೇಲೆ ನಿಧಾನವಾಯಿತು. ನಿಂತಿತು.

"ಹನ್ನೊಂದು ನಿಮಿಷ," ಎಂದಳು. ಗಡಿಯಾರ ನೋಡಿರಲಿಲ್ಲ.

"ನಿಂತುಹೋಗುತ್ತೆ ಅಂತ ನಿಮಗೆ ಗೊತ್ತಿತ್ತಾ?" ಇನ್ಸ್‌ಪೆಕ್ಟರ್ ಕೇಳಿದರು.

"ಮೊದಲ ದಿನದಿಂದ. ನನ್ನ ತಮ್ಮ ನನ್ನ ಮಾತು ನಂಬ್ತಿರ್ಲಿಲ್ಲ. ಸರ್ಕಾರದವರು ಓಡಿಸಿ, ಹನ್ನೊಂದು ನಿಮಿಷಕ್ಕೆ ನಿಂತಿತು ಅಂತ ಬರೆದಿದ್ರೆ ನಂಬ್ತಿದ್ದ, ಬಂದು ಅಂಗಡೀಲಿ ಕೂರ್ತಿದ್ದ. ಅವರು ಓಡಲೇ ಇಲ್ಲ ಅಂತ ಬರೆದ್ರು. ಅದು ಸುಳ್ಳು ಅಂತ ಅವನಿಗೆ ಗೊತ್ತಾಯ್ತು. ಒಂದು ಸುಳ್ಳಾದ್ರೆ ಎಲ್ಲಾ ಸುಳ್ಳು, ಯಂತ್ರ ನಿಜ ಅಂತ ಹಿಡ್ಕೊಂಡ. ಎರಡು ವರ್ಷ ಕೋಣೆ ಬಿಟ್ಟು ಹೊರಗೆ ಬರ್ಲಿಲ್ಲ, ಸಾರ್. ತಟ್ಟೆ ಬಾಗಿಲಲ್ಲಿಟ್ರೆ ಹಾಗೇ ಇರ್ತಿತ್ತು. ಕೊನೆಗೆ ಇಪ್ಪತ್ತೆಂಟು ಕೇಜಿ ಇದ್ದ."

ಇನ್ಸ್‌ಪೆಕ್ಟರ್ ಅಧಿಕಾರಿಯ ಸುಳ್ಳು ವರದಿಗಳ ಬಗ್ಗೆ ಇಲಾಖೆಗೆ ಬೇರೆ ಪತ್ರ ಬರೆದರು. ಅದರಿಂದ ಅವಳ ಮೇಲಿನ ಕಲಂ ಬದಲಾಗಲಿಲ್ಲ. ಪಂಚನಾಮೆಯ ಕೊನೆಯ ಸಾಲನ್ನು ಹೆಡ್ ಕಾನ್‌ಸ್ಟೆಬಲ್ ಗಟ್ಟಿಯಾಗಿ ಓದಿದ: 'ಯಂತ್ರವು ಸುಮಾರು ಹತ್ತು ನಿಮಿಷ ಓಡಿ ನಿಂತಿತು.'

"ಹನ್ನೊಂದು," ಎಂದಳು.

ಅವನು ಇನ್ಸ್‌ಪೆಕ್ಟರ್ ಮುಖ ನೋಡಿದ. ಅವರು ತಲೆಯಾಡಿಸಿದರು. ಅವನು 'ಸುಮಾರು ಹತ್ತು' ಎಂಬುದನ್ನು ಹೊಡೆದುಹಾಕಿ ತಿದ್ದಿದ.