ಮುಚ್ಚಿದ ಗಾಳಿದಾರಿ

ಬೆಳಗ್ಗೆ ಎಂಟಕ್ಕೆ ಪ್ರಯಾಣಿಕರ ದೋಣಿ ಸೇತುವೆಯ ಕಂಬಕ್ಕೆ ಬಡಿದಿತ್ತು. ಒಬ್ಬ ಟೀಚರ್ ಕಾಲು ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಒಂಬತ್ತಕ್ಕೆ ಬಂದ ಇನ್ಸ್‌ಪೆಕ್ಟರಮ್ಮನಿಗೆ ಹತ್ತು ಗಂಟೆಯೊಳಗೆ ತಲೆ ಚಿಟ್ಟುಹಿಡಿದಿತ್ತು. ಒಬ್ಬರಾದರೂ ನೆಟ್ಟಗೆ ಉತ್ತರ ಕೊಟ್ಟಿರಲಿಲ್ಲ.

"ವೇಗ ತಗ್ಗಿಸೋಕೆ ಥ್ರಾಟಲ್ ಇಳಿಸಿದೆ, ಎಂಜಿನ್ ಆಫ್ ಆಯ್ತು, ನೀರು ಎಳ್ಕೊಂಡು ಹೋಯ್ತು. ಇನ್ನೆಷ್ಟು ಸಲ ಹೇಳ್ಲಿ ಮೇಡಂ?" ಎಂದ ಚಾಲಕ. ಇಪ್ಪತ್ತೆರಡು ವರ್ಷದಿಂದ ದೋಣಿ ನಡೆಸುತ್ತಿದ್ದವನು.

"ಸ್ಟಾರ್ಟ್ ಮಾಡುವಾಗ?"

"ದಿನದ ಹಾಗೇ. ಕೀ ತಿರುಗಿಸಿದೆ, ಅಷ್ಟೆ. ಥ್ರಾಟಲ್ ಮುಟ್ಟಲೇ ಇಲ್ಲ."

ದೋಣಿಯ ಮಾಲೀಕ ನಡುವೆ ಬಾಯಿ ಹಾಕಿದ. "ನಿನ್ನೆ ಸರ್ವಿಸ್ ಮಾಡಿದ್ದು ಇವನ ನಾದಿನಿ. ಅವಳನ್ನ ಹಿಡೀರಿ!"

*

ನಾದಿನಿ ಮೆಕ್ಯಾನಿಕ್. ಎಲ್ಲರೆದುರು, ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ಔಟ್‌ಬೋರ್ಡ್ ಎಂಜಿನ್ನಿನ ಮುಚ್ಚಳ ತೆಗೆದಳು. ಸಣ್ಣದೊಂದು ರಂಧ್ರದಿಂದ ಹಳದಿ ಸ್ಪಂಜಿನ ತುಂಡು ಹೊರಬಂತು.

"ನೋಡಿದ್ರಾ! ಇವಳೇ ಮರೆತದ್ದು!" ಮಾಲೀಕ ಕುಣಿದಾಡಿದ.

"ನೀವು ಸ್ವಲ್ಪ ಸುಮ್ಮನಿರ್ತೀರಾ?" ಇನ್ಸ್‌ಪೆಕ್ಟರಮ್ಮ ಗದರಿದಳು. "ಇದೇನಮ್ಮ? ನನಗೆ ಅರ್ಥವಾಗೋ ಹಾಗೆ ಹೇಳು."

"ಓಡುವಾಗ ಗಾಳಿ ದೊಡ್ಡ ಬಾಗಿಲಿಂದ ಬರತ್ತೆ ಮೇಡಂ. ಥ್ರಾಟಲ್ ಪೂರ್ತಿ ಇಳಿಸಿದ್ರೆ ಅದು ಮುಚ್ಕೊಳ್ಳತ್ತೆ. ಆಗ ಎಂಜಿನ್ ಉಸಿರಾಡೋದು ಈ ಸಣ್ಣ ದಾರೀಲಿ. ಇದಕ್ಕೊಂದು ವಾಲ್ವ್. ಎಂಜಿನ್ ತಣ್ಣಗಿದ್ರೆ, ಗೇರ್ ಬಿದ್ದು ಭಾರ ಹೆಚ್ಚಾದ್ರೆ, ಎಂಜಿನ್ನಿನ ಕಂಪ್ಯೂಟರ್ ಆ ವಾಲ್ವನ್ನ ಇನ್ನಷ್ಟು ತೆರೆಯತ್ತೆ. ಎಂಜಿನ್ ತಿರುಗೋ ಸುತ್ತು ಜಾಸ್ತಿಯಾದ್ರೆ ಕಿರಿದು ಮಾಡತ್ತೆ."

"ದಾರೀನೇ ಕಟ್ಟಿದ್ರೆ?"

"ವಾಲ್ವ್ ತೆರೆದೂ ಪ್ರಯೋಜನವಿಲ್ಲ. ಥ್ರಾಟಲ್ ಇಳಿಸಿದ ತಕ್ಷಣ ನಿಲ್ಲತ್ತೆ."

ಅವಳು ಎಂಜಿನ್ನಿಗೆ ಲ್ಯಾಪ್‌ಟಾಪ್ ಜೋಡಿಸಿ, ಅದರ ಕಂಪ್ಯೂಟರಿನಲ್ಲಿದ್ದ ದಾಖಲೆ ತೆರೆದಳು. ನಿನ್ನೆ ಸಂಜೆ, ಸರ್ವಿಸ್ ಆದ ಮೇಲಿನ ಪರೀಕ್ಷೆಯಲ್ಲಿ ವಾಲ್ವ್ ಮೂವತ್ತು ಪರ್ಸೆಂಟ್ ತೆರೆದಿತ್ತು. ಎಂಜಿನ್ ಸರಾಗವಾಗಿ ಓಡಿತ್ತು. ಇವತ್ತು ಬೆಳಗ್ಗೆ ವಾಲ್ವ್ ನೂರಕ್ಕೆ ನೂರು ತೆರೆದಿದ್ದರೂ ಎಂಜಿನ್ ನಿಂತಿತ್ತು.

"ಅಂದ್ರೆ ಸ್ಪಂಜು ತುರುಕಿದ್ದು ನಿನ್ನ ಪರೀಕ್ಷೆಯಾದ ಮೇಲೆ."

"ಆಮೇಲೆ ಯಾರು ಬೇಕಾದ್ರೂ ತುರುಕಿರಬಹುದಲ್ಲ!" ಮತ್ತೆ ಮಾಲೀಕ.

ಇನ್ಸ್‌ಪೆಕ್ಟರಮ್ಮ ಹಣೆ ಒತ್ತಿಕೊಂಡಳು. ಥಟ್ಟನೆ ಕೈ ನಿಂತಿತು. "ಹಾಗಾದ್ರೆ ಥ್ರಾಟಲ್ ಇಳಿಸಿದ್ದಾಗ ಉಸಿರಾಡದ ಎಂಜಿನ್ ಬೆಳಗ್ಗೆ ಸ್ಟಾರ್ಟ್ ಆದದ್ದಾದ್ರೂ ಹೇಗೆ?"

ಮೆಕ್ಯಾನಿಕ್ ಪರದೆ ನೋಡಿದಳು. ಮುಖ ಸಪ್ಪಗಾಯಿತು. "ಥ್ರಾಟಲ್ ಹದಿನೈದು ಪರ್ಸೆಂಟ್ ಎತ್ತಿಟ್ಟು ಸ್ಟಾರ್ಟ್ ಮಾಡಿದಾರೆ ಮೇಡಂ."

*

"ಥ್ರಾಟಲ್ ಮುಟ್ಟಲಿಲ್ಲ ಅಂದೆ," ಇನ್ಸ್‌ಪೆಕ್ಟರಮ್ಮ ಚಾಲಕನ ಎದುರು ನಿಂತಳು. "ಮುಟ್ಟದೆ ಅದು ಸ್ಟಾರ್ಟೇ ಆಗ್ತಿರಲಿಲ್ಲ. ಬೇರೆಯವರು ತುರುಕಿದ್ದರೆ, ಸ್ಟಾರ್ಟ್ ಆಗ್ತಿಲ್ಲ ಅಂತ ನಾದಿನಿಯನ್ನ ಕರೀತಿದ್ದೆ. ನೀನು ಕರೀಲಿಲ್ಲ. ಒಳಗೇನಿದೆ ಅಂತ ನಿನಗೆ ಗೊತ್ತಿತ್ತು. ಯಾಕೆ ಮಾಡಿದೆ?"

ಚಾಲಕ ನಾದಿನಿಯತ್ತ ನೋಡಿದ.

"ಭಾವನ ಕಣ್ಣು ಮಂಜಾಗ್ತಿದೆ, ದೋಣಿ ಕೊಡಬೇಡಿ ಅಂತ ಹೋದ ವಾರ ಮಾಲೀಕರಿಗೆ ಹೇಳಿದ್ದು ನಾನು," ಎಂದಳು ನಾದಿನಿ ಮೆಲ್ಲಗೆ.

"ಇವಳ ಕೆಲಸಾನೇ ಸರಿಯಿಲ್ಲ ಅಂತಾದ್ರೆ, ಇವಳ ಮಾತನ್ನ ಯಾರು ನಂಬ್ತಾರೆ ಅಂದ್ಕೊಂಡೆ," ಚಾಲಕ ತಡವರಿಸಿದ. "ಸುಮ್ನೆ ನಿಂತೋಗತ್ತೆ, ಮತ್ತೆ ಸ್ಟಾರ್ಟ್ ಮಾಡ್ಕೊಂಡು ಬರೋಣ ಅಂತಿದ್ದೆ. ಕಂಬ ಅಷ್ಟು ಹತ್ರ ಇದ್ದದ್ದು... ಕಾಣಲಿಲ್ಲ ಮೇಡಂ."

ಇನ್ಸ್‌ಪೆಕ್ಟರಮ್ಮನಿಗೆ ಬೈಗುಳ ನಾಲಿಗೆ ತುದಿಗೆ ಬಂತು. ಬೈಯದೆ, ಅವನ ತೋಳು ಹಿಡಿದು ಜೀಪಿನತ್ತ ನಡೆಸಿದಳು.

"ಅಕ್ಕನಿಗೆ ಏನಂತ ಹೇಳ್ಲಿ ಭಾವ?" ಎಂದಳು ನಾದಿನಿ ಹಿಂದಿನಿಂದ.