ಕೋರಂ ಅಜ್ಜಿ

“ಕೋರಂ ಇಲ್ಲ” ಎಂದರು ಪಂಚಾಯ್ತಿ ಸೆಕ್ರೆಟರಿ ಶೇಷಪ್ಪ.

ಚೇರ್ಮನ್ ಹೂವಯ್ಯ ಗೌಡರು ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. “ಇಲ್ಲ ಅಂದ್ರೆ? ಇಷ್ಟು ಜನ ಕೂತಿದೀವಲ್ರೀ, ಕಣ್ಣಿಗೆ ಕಾಣಲ್ವಾ?”

“ಸದಸ್ಯರಲ್ಲಿ ಅರ್ಧ ಜನ ಆದ್ರೂ ಇರ್ಬೇಕು ಸ್ವಾಮಿ. ಅದಕ್ಕೇ ಕೋರಂ ಅನ್ನೋದು. ಉಳಿದೋರು ತೀರ್ಥಹಳ್ಳಿ ಮದುವೆಗೆ ಹೋಗಿದಾರೆ. ಒಂದು ತಲೆ ಕಮ್ಮಿ.”

ಐದನೇ ಕ್ಲಾಸಿನ ವರದಾ ಕೊನೇ ಬೆಂಚಿನಲ್ಲಿ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಪಂಚಾಯ್ತಿಗೆ ಸ್ವಂತ ಕಟ್ಟಡ ಇರಲಿಲ್ಲ. ಶನಿವಾರ ಶಾಲೆ ಬಿಟ್ಟ ಮೇಲೆ ಅವಳ ಕ್ಲಾಸಿನಲ್ಲೇ ಮೀಟಿಂಗ್ ನಡೆಯುತ್ತಿತ್ತು. ಊರಿನ ದೊಡ್ಡ ಮನುಷ್ಯರು ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕೂತು ಊರು ಉದ್ಧಾರ ಮಾಡುತ್ತಿದ್ದರು. ಉದ್ಧಾರದ ನಡುವೆ ಅವಲಕ್ಕಿ, ಕಾಫಿ ಬರುತ್ತಿತ್ತು. ಅವಲಕ್ಕಿಯ ವಿಷಯ ಮಾತ್ರ ಎಂದೂ ಮುಂದಿನ ಸಭೆಗೆ ಹೋಗಿದ್ದಿಲ್ಲ.

ಹೋಗುತ್ತಿದ್ದದ್ದು ಸಂಕದ ವಿಷಯ. ವರದಾಳ ಮನೆಗೂ ಶಾಲೆಗೂ ನಡುವೆ ಒಂದು ಹಳ್ಳ. ಅದಕ್ಕೆ ಅಡ್ಡ ಹಾಕಿದ್ದ ಎರಡು ಮರದ ದಿಮ್ಮಿಗಳೇ ಸಂಕ. ಹೋದ ಮಳೆಗಾಲದ ಕೊನೆಗೆ ಅದು ಕೊಚ್ಚಿಕೊಂಡು ಹೋಯಿತು. ಅಲ್ಲಿಂದ ಪ್ರತಿ ಮೀಟಿಂಗಿನಲ್ಲೂ “ಸಂಕದ ವಿಷಯ ಮುಂದಿನ ಸಭೆಗೆ” ಎಂದು ಬರೆದು ಎಲ್ಲರೂ ಕೈ ತೊಳೆದುಕೊಳ್ಳುತ್ತಿದ್ದರು. ಲಿಂಗನಮಕ್ಕಿಯಲ್ಲಿ ಇಡೀ ಶರಾವತಿ ಹೊಳೆಗೇ ಅಣೆಕಟ್ಟು ಕಟ್ಟಿ ಮುಗಿಸಿದ್ದರು. ಇಲ್ಲಿ ಎರಡು ದಿಮ್ಮಿಗೆ ಇನ್ನೂ ಮುಹೂರ್ತ ಕೂಡಿ ಬಂದಿರಲಿಲ್ಲ.

ಈಗೇನೋ ನೀರಿಗಿಳಿದು ದಾಟಬಹುದು. ಮಳೆ ಹಿಡಿದರೆ ಆಗದು. “ಸಂಕ ಆಗ್ದಿದ್ರೆ ಮಳೆಗಾಲ ಮುಗಿಯೋ ತನಕ ಶಾಲೆ ಬೇಡ, ಮನೇಲೇ ಇರು” ಎಂದು ಅಪ್ಪಯ್ಯ ಬೆಳ್ಳಪ್ಪ ಹೇಳಿಬಿಟ್ಟಿದ್ದ. ಅದನ್ನು ನೆನೆದರೆ ವರದಾಳಿಗೆ ಅಳು ಬರುತ್ತಿತ್ತು.

ಬೆಳ್ಳಪ್ಪ ಅಲ್ಲೇ ಮುಂದಿನ ಬೆಂಚಿನಲ್ಲಿದ್ದ. “ನಾನಿದೀನಲ್ಲ, ನನ್ನೂ ಎಣಿಸಿ” ಎಂದ.

“ನೀವು ಸದಸ್ಯರಲ್ಲ ಬೆಳ್ಳಪ್ಪನವ್ರೇ. ಸದಸ್ಯರು ನಿಮ್ಮ ತಾಯಿ, ಕೆರಿಯಮ್ಮ.”

ಎಲ್ಲರಿಗೂ ಆಗ ನೆನಪಾಯಿತು. ಪಂಚಾಯ್ತಿಯಲ್ಲಿ ಹೆಂಗಸರೂ ಇರಬೇಕು ಎಂದು ಕಾನೂನು ಬಂದಾಗ, ಊರಲ್ಲಿ ಹೆಚ್ಚು ಮಾತಾಡದ ಹೆಂಗಸು ಯಾರೆಂದು ಹುಡುಕಿ ಕೆರಿಯಮ್ಮಜ್ಜಿಯ ಹೆಸರು ಬರೆಸಿದ್ದರು. ಅಜ್ಜಿ ಮನೆಯಲ್ಲಿ ದನಕ್ಕೆ ಹುಲ್ಲು ಹಾಕುವುದು, ಮಗ ಮೀಟಿಂಗಿನಲ್ಲಿ ಅವಲಕ್ಕಿ ತಿನ್ನುವುದು, ಹೀಗೆ ಎಲ್ಲ ಸುಸೂತ್ರವಾಗಿ ನಡೆದಿತ್ತು. ಹಳೇ ಸೆಕ್ರೆಟರಿ ಬೆಳ್ಳಪ್ಪನನ್ನೇ ಕೆರಿಯಮ್ಮ ಎಂದು ಎಣಿಸುತ್ತಿದ್ದರು. ಅವನ ಮೀಸೆ ಯಾರಿಗೂ ಅಡ್ಡ ಬಂದಿರಲಿಲ್ಲ. ಸಾಗರದಿಂದ ಹೊಸದಾಗಿ ಬಂದ ಶೇಷಪ್ಪನವರಿಗೆ ಮೀಸೆ ಕಂಡುಬಿಟ್ಟಿತು.

“ಹಂಗಾದ್ರೆ ಮೀಟಿಂಗು ಮುಂದಕ್ಕೆ” ಎಂದು ಸದಸ್ಯ ಮಾಸ್ತಪ್ಪ ಎದ್ದೇಬಿಟ್ಟ. ಅವನ ಅವಲಕ್ಕಿ ಮುಗಿದಿತ್ತು.

“ಅಜ್ಜೀನ ಕರ್ಕೊಂಡ್ ಬರ್ಲಾ?” ಎಂದು ವರದಾ ಕೇಳಿದಳು.

ಗೌಡರಿಗೂ ಅವತ್ತು ಮೀಟಿಂಗ್ ಬೇಕಿತ್ತು. ಚೇರ್ಮನ್ನರಿಗೆ ಬೆತ್ತದ ಕುರ್ಚಿ ಕೊಳ್ಳುವ ವಿಷಯ ಇತ್ತಲ್ಲ. “ಹೋಗು ಮಾರಾಯ್ತಿ, ಬೇಗ ಬಾ” ಎಂದರು.

ಅಜ್ಜಿ ಕೊಟ್ಟಿಗೆಯಲ್ಲಿ ಸೊಪ್ಪು ಹರಡುತ್ತಿದ್ದಳು. ಅವಳನ್ನು ಹೊರಡಿಸಿಕೊಂಡು ಬರುತ್ತ ವರದಾ ದಾರಿಯುದ್ದಕ್ಕೂ ಕೋರಂ ಎಂದರೇನು ಎಂದು ಹೇಳಿದಳು. “ನೀನಿದ್ರೆ ಮೀಟಿಂಗು ಅಜ್ಜಿ. ಇಲ್ದಿದ್ರೆ ಇಲ್ಲ.”

ಅಜ್ಜಿ ಹಳ್ಳದ ನಡುವೆ ನಿಂತಳು. ಸೀರೆ ಮೊಳಕಾಲಿನವರೆಗೆ ಒದ್ದೆಯಾಗಿತ್ತು. “ನಾನು ಎದ್ದು ಹೋದ್ರೂ ಇಲ್ವಾ?”

“ಆಗ್ಲೂ ಇಲ್ಲ.”

ಅಜ್ಜಿ ಬೇಗ ಬೇಗ ದಡ ಹತ್ತಿ ಸೀರೆಯ ಅಂಚು ಹಿಂಡಿಕೊಂಡಳು.

ಅವಳು ಬಂದು ಬೆಂಚಿನ ತುದಿಯಲ್ಲಿ ಕೂತಳು. ಕೋರಂ ಆಯಿತು. ಗೌಡರು ಮೊದಲನೇ ವಿಷಯವನ್ನು ಒಂದೇ ಉಸಿರಿಗೆ ಮುಗಿಸಿದರು. “ಸಂಕದ ವಿಷಯ ಮುಂದಿನ ಸಭೆಗೆ. ಇನ್ನು ಕುರ್ಚಿ...”

ಅಜ್ಜಿ ಎದ್ದಳು.

“ಎಲ್ಲಿಗೆ ಕೆರಿಯಮ್ಮ?”

“ಮನೆಗೆ. ಹಾಲು ಕರೀಬೇಕು.”

“ಕೂತ್ಕ, ಇನ್ನೂ ಮುಗ್ದಿಲ್ಲ.”

“ಸಂಕ ಮುಂದಿನ ಸಭೆಗೆ ಹೋತಲ್ಲ ಗೌಡ್ರೇ. ನಾನೂ ಮುಂದಿನ ಸಭೆಗೇ ಬರ್ತೀನಿ.”

“ಅವ್ವಾ” ಎಂದು ಬೆಳ್ಳಪ್ಪ ಕಣ್ಣು ಬಿಟ್ಟ. ಅವನು ಗೇಯುತ್ತಿದ್ದದ್ದು ಗೌಡರ ಗದ್ದೆಯನ್ನೇ. ಅಜ್ಜಿ ಅವನ ಕಡೆ ನೋಡಲಿಲ್ಲ.

ಶೇಷಪ್ಪ ಪೆನ್ನು ಕೆಳಗಿಟ್ಟರು. “ಅವ್ರು ಹೋದ್ರೆ ಕೋರಂ ಹೋಯ್ತು ಸ್ವಾಮಿ. ಕುರ್ಚಿ ಬರ್ಯಕ್ಕಾಗಲ್ಲ.”

ಗೌಡರು ಅಜ್ಜಿಯನ್ನು ನೋಡಿದರು, ಪೆನ್ನನ್ನು ನೋಡಿದರು. ಹೊರಗೆ ಹೋಗಿ ಎಲೆ ಅಡಿಕೆ ಉಗಿದು ಬಂದರು. “ಬರ್ಕೊಳ್ರೀ. ಮಳೆಗೆ ಮುಂಚೆ ಸಂಕ ಹಾಕೋದು.”

“ಒಂದ್ಸಲ ಓದಿ ಹೇಳಿ” ಎಂದಳು ಅಜ್ಜಿ, ನಿಂತಲ್ಲೇ. ಶೇಷಪ್ಪ ಓದಿದರು. ಆಮೇಲೆ ಅವಳು ಕೂತಳು. ಬೆತ್ತದ ಕುರ್ಚಿಗೂ ಕೈ ಎತ್ತಿದಳು.

ಮೀಟಿಂಗ್ ಮುಗಿದ ಮೇಲೆ ಬೆಳ್ಳಪ್ಪ ಮುಖ ಊದಿಸಿಕೊಂಡು ಮುಂದೆ ಮುಂದೆ ನಡೆದ. ವರದಾ ಅಜ್ಜಿಯ ಕೈ ಹಿಡಿದು ಹಳ್ಳಕ್ಕೆ ಇಳಿದಳು.

“ಬೇಗ ನಡಿ ಅಜ್ಜಿ, ಹಾಲು ಕರೀಬೇಕಲ್ಲ.”

“ಈಗ್ಲೇ ಯಾರು ಕರೀತಾರೆ?” ಎಂದಳು ಅಜ್ಜಿ.

ವರದಾ ತಲೆ ಎತ್ತಿ ನೋಡಿದಳು. ಬಿಸಿಲು ಇನ್ನೂ ಸುಡುತ್ತಿತ್ತು. ದನಗಳು ಗುಡ್ಡದಿಂದ ಇಳಿದೇ ಇರಲಿಲ್ಲ. ಅವಳು ಅಜ್ಜಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.